ಆರನೇ ಅಕ್ಕನ ಎಡಗೈ

ಸಭೆಯ ಅಧ್ಯಕ್ಷರೂ ನಮ್ಮ ಕಾರ್ಖಾನೆಯ ನಿರ್ದೇಶಕರೂ ಆದ ಸಾಹೇಬರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಹಳೆಯ ಮ್ಯಾನೇಜರ್ ಸಾಹೇಬರೇ, ನನ್ನನ್ನು ಇಪ್ಪತ್ನಾಲ್ಕು ವರ್ಷ ಸಹಿಸಿಕೊಂಡ ಪರೀಕ್ಷಾ ವಿಭಾಗದ ಗೆಳತಿಯರೇ, ಕ್ರೀಮು ಕಾಯಿಸುವವರೇ, ಡಬ್ಬಿ ತುಂಬುವವರೇ, ಪೆಟ್ಟಿಗೆ ಅಂಟಿಸುವವರೇ, ಊಟ ಯಾವಾಗ ಎಂದು ಆಗಲೇ ಗಡಿಯಾರ ನೋಡುತ್ತಿರುವ ಎಲ್ಲ ಸಭಿಕರೇ,

ನನ್ನ ಬಗ್ಗೆ ಈಗಷ್ಟೇ ಓದಿದ ಸನ್ಮಾನಪತ್ರವನ್ನು ಕೇಳುತ್ತಾ ನಾನು ಎರಡು ಸಲ ಹಿಂದೆ ತಿರುಗಿ ನೋಡಿದೆ. ಇಷ್ಟೊಂದು ಒಳ್ಳೆಯ ಹೆಂಗಸು ಯಾರಪ್ಪಾ, ನನ್ನ ಹಿಂದೆ ಬಂದು ನಿಂತಿದ್ದಾರೇನೋ ಎಂದು! ಅದರಲ್ಲಿ ಹೇಳಿದ ಸಮಯಪಾಲನೆಯನ್ನು ಒಪ್ಪುತ್ತೇನೆ. ಮೃದುಭಾಷಿ ಎಂದಿರಿ, ನನ್ನ ಯಜಮಾನರು ಕೆಮ್ಮಿದ್ದು ನಿಮಗೂ ಕೇಳಿಸಿರಬೇಕು. ಆದರೆ ಅದರಲ್ಲಿ ಇನ್ನೊಂದು ಸಾಲಿದೆ. 'ಪರೀಕ್ಷೆಗೆ ಕುಳಿತವರ ಎಡಗೈ ಮಣಿಕಟ್ಟಿಗೆ ಕೆಂಪು ರಬ್ಬರ್ ಬ್ಯಾಂಡ್ ಹಾಕುವ ಪದ್ಧತಿಯನ್ನು ತಮ್ಮ ದೂರದೃಷ್ಟಿಯಿಂದ ಜಾರಿಗೆ ತಂದವರು' ಎಂದು. ಇದನ್ನು ಒಪ್ಪಿಕೊಂಡು ಮನೆಗೆ ಹೋದರೆ ನನಗೆ ಊಟ ಸೇರುವುದಿಲ್ಲ. ಆ ಕೆಂಪು ಬ್ಯಾಂಡಿನ ಕಥೆಯನ್ನು ಹೇಳಿಯೇ ಕೆಳಗಿಳಿಯುತ್ತೇನೆ.

ಅದಕ್ಕೂ ಮೊದಲು ಒಂದು ಮಾತು. ಈ ಕಾರ್ಖಾನೆಗೆ ಸೇರಿದ ದಿನದಿಂದ ನಾನು ಎಲ್ಲಿಗೆ ಹೋದರೂ ಒಂದೇ ಪ್ರಶ್ನೆ. ಮದುವೆ ಮನೆಯಲ್ಲಿ ಅದೇ, ಬಸ್ಸಿನಲ್ಲಿ ಅದೇ. ಹಲ್ಲಿನ ಡಾಕ್ಟರ ಹತ್ತಿರ ಬಾಯಿ ತೆರೆದು ಮಲಗಿದ್ದಾಗ ಅವರೂ ಅದನ್ನೇ ಕೇಳಿದರು: "ನೀವು ಒಳಗಿನವರು, ನಿಜ ಹೇಳಿ. ದುಬಾರಿ ಕ್ರೀಮೇ ತಗೋಬೇಕಾ, ಅಗ್ಗದ್ದೇ ಸಾಕಾ?" ಅವತ್ತು ಬಾಯಲ್ಲಿ ಹತ್ತಿ ಇತ್ತು, ಬಚಾವಾದೆ. ಉಳಿದ ದಿನಗಳಲ್ಲಿ ಹತ್ತಿ ಇಲ್ಲದೆಯೂ ಹಾರಿಕೆಯ ಉತ್ತರ ಕೊಟ್ಟೇ ಕಾಲ ತಳ್ಳಿದೆ. ಇವತ್ತು ಉತ್ತರ ಹೇಳುತ್ತೇನೆ. ನಿವೃತ್ತಿಯ ಆದೇಶ ಕೈಗೆ ಬಂದಿದೆ, ಇನ್ನು ನನ್ನನ್ನು ಯಾರು ಏನು ಮಾಡುತ್ತಾರೆ? ಅಧ್ಯಕ್ಷರು ನಗುತ್ತಿದ್ದಾರೆ. ಸಾರ್, ನೀರಿನ ಲೋಟ ಹತ್ತಿರ ಇಟ್ಟುಕೊಳ್ಳಿ, ಬೇಕಾಗಬಹುದು.

ನಮ್ಮ ಕಾರ್ಖಾನೆಯ ಎರಡು ಕ್ರೀಮುಗಳನ್ನು ನಾವು ಯಾರೂ ಹೆಸರಿಟ್ಟು ಕರೆಯುವುದಿಲ್ಲ. ತಗಡಿನ ಡಬ್ಬಿಯಲ್ಲಿ ಬರುವ ಅಗ್ಗದ್ದು 'ನೀಲಿ'. ದಪ್ಪ ಗಾಜಿನ ಡಬ್ಬಿಯಲ್ಲಿ, ರೇಷ್ಮೆಯಂಥ ಬಟ್ಟೆಯ ಹಾಸಿನ ಮೇಲೆ ಮಲಗಿ ಬರುವುದು 'ಗಾಜು'. ಒಂದು ಗಾಜಿನ ಬೆಲೆಗೆ ಒಂದು ಕೈಚೀಲ ತುಂಬ ನೀಲಿ ಬರುತ್ತದೆ. ಇಪ್ಪತ್ನಾಲ್ಕು ವರ್ಷದ ಕೆಳಗೆ ಗಾಜು ಇನ್ನೂ ಪೇಟೆಗೆ ಬಂದಿರಲಿಲ್ಲ. ಅದು ನೀಲಿಗಿಂತ ಎಷ್ಟು ಮೇಲು ಎಂದು ತಿಳಿಯಲು ಚಳಿಗಾಲದಲ್ಲಿ, ಚರ್ಮ ಒಡೆಯುವ ಹೊತ್ತು ನೋಡಿ, ಪರೀಕ್ಷೆ ಇಟ್ಟರು. ಅದೇ ತಿಂಗಳು ನಾನು ಕೆಲಸಕ್ಕೆ ಸೇರಿದ್ದೆ. ನನ್ನ ಕೆಲಸದ ಹೆಸರು 'ಹಚ್ಚುವವರು'. ಮೂರು ತಿಂಗಳು ತಾತ್ಕಾಲಿಕ, ಚೆನ್ನಾಗಿ ಹಚ್ಚಿದರೆ ಕಾಯಂ.

ಪರೀಕ್ಷೆ ಹೇಗೆ ಎನ್ನುವುದು ಹೊರಗಿನಿಂದ ಬಂದವರಿಗೆ ಗೊತ್ತಿರಲಿ. ಒಂದು ಉದ್ದ ಮೇಜು. ಆ ಕಡೆ ಆರು ಜನ ಹೆಂಗಸರು ರವಿಕೆಯ ತೋಳು ಮೇಲಕ್ಕೆ ಮಡಚಿ, ಎರಡೂ ಕೈ ಮೇಜಿನ ಮೇಲೆ ಚಾಚಿ ಕೂರುತ್ತಾರೆ. ಈ ಕಡೆ ಹಚ್ಚುವವಳು, ಅಂದರೆ ನಾನು. ನನ್ನ ಮುಂದೆ ಎರಡು ಬಿಳಿ ಬಟ್ಟಲು. ಯಾವುದರಲ್ಲಿ ಯಾವುದು ಎನ್ನುವುದು ನನಗೆ ಮಾತ್ರ ಗೊತ್ತು, ಅವರಿಗೆ ಹೇಳುವಂತಿಲ್ಲ. ಪರೀಕ್ಷೆಯ ಪುಸ್ತಕದಲ್ಲಿ ಬರೆದಿತ್ತು: ಎಡಗೈಗೆ ನೀಲಿ, ಬಲಗೈಗೆ ಗಾಜು. ಎರಡು ವಾರ, ದಿನಕ್ಕೆ ಎರಡು ಹೊತ್ತು, ಮೊಣಕೈಯಿಂದ ಮಣಿಕಟ್ಟಿನವರೆಗೆ. ನಾನು ಎಷ್ಟು ಶ್ರದ್ಧೆಯಿಂದ ಹಚ್ಚಿದೆ ಎಂದರೆ, ನನ್ನ ಮಗುವಿಗೂ ಅಷ್ಟು ನಿಧಾನವಾಗಿ ಎಣ್ಣೆ ಹಚ್ಚಿದವಳಲ್ಲ.

ಎರಡು ವಾರ ಕಳೆಯಿತು. ಮ್ಯಾನೇಜರ್ ಸಾಹೇಬರು ಬಂದು ಒಬ್ಬೊಬ್ಬರನ್ನೇ ಕೇಳಿದರು, "ಯಾವ ಕೈ ಚೆನ್ನಾಗಿದೆ?" ಮೊದಲನೆಯವರು ಬಲಗೈ ಎಂದರು. ಎರಡನೆಯವರು ಬಲಗೈ. ಹೀಗೆ ಐದು ಜನವೂ ಬಲಗೈ! ಸಾಹೇಬರ ಮುಖ ನೋಡಬೇಕಿತ್ತು, ಗಾಜಿನ ಕ್ರೀಮನ್ನು ಮುಖಕ್ಕೇ ಹಚ್ಚಿಕೊಂಡವರ ಹಾಗೆ ಹೊಳೆಯುತ್ತಿತ್ತು. ಆರನೆಯವರು ಮಾತ್ರ ಎರಡೂ ಕೈಗಳನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದರು, "ನನಗೆ ಎಡಗೈ ಸಾರ್. ಮೊಣಕೈ ಹತ್ರ ನೋಡಿ, ಬಿರುಕೆಲ್ಲ ಮುಚ್ಚಿದೆ. ಬಲಗೈನೂ ಪರವಾಗಿಲ್ಲ. ಆದರೆ ನನ್ನ ಚರ್ಮಕ್ಕೆ ಒಪ್ಪಿದ್ದು ಎಡಗೈದೇ."

ಸಾಹೇಬರು ಪುಸ್ತಕ ತೆರೆದರು. ಎಡಗೈ ಅಂದರೆ ನೀಲಿ. "ಏನಮ್ಮಾ, ನಿನ್ನ ಚರ್ಮಕ್ಕೆ ಒಳ್ಳೇದು ಯಾವುದು ಅಂತಾನೇ ಗೊತ್ತಾಗಲ್ವಲ್ಲ!" ಎಂದು ನಕ್ಕರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಹೊಸದಾಗಿ ಸೇರಿದವಳು, ಸಾಹೇಬರು ನಕ್ಕಾಗ ಸುಮ್ಮನಿರುವುದು ಹೇಗೆ? ಮರುದಿನ ಇನ್ನೊಮ್ಮೆ ಕೇಳಿದರು, ಮಾತು ಬದಲಿಸಲಿ ಎಂದೇ ಕೇಳಿದರು. ಅವರು ಬದಲಿಸಲಿಲ್ಲ. "ನಿಜ ಹೇಳ್ಲಿ ಅಂತ ತಾನೇ ಸಾರ್ ನಮ್ಮನ್ನ ಕೂರಿಸಿರೋದು?" ಎಂದರು. ಅದರ ಮುಂದಿನ ವಾರ ಅವರನ್ನು ಪರೀಕ್ಷಾ ಮೇಜಿನಿಂದ ಎಬ್ಬಿಸಿ ಪೆಟ್ಟಿಗೆ ಅಂಟಿಸುವ ವಿಭಾಗಕ್ಕೆ ಹಾಕಿದರು. ಕೂತು ಮಾಡುವ ಕೆಲಸ ಹೋಗಿ ನಿಂತು ಮಾಡುವ ಕೆಲಸ ಬಂತು. ಗೋಂದು ಮೆತ್ತಿದ ಬೆರಳು, ದಿನವೆಲ್ಲ ರಟ್ಟಿನ ದೂಳು.

ಗಾಜು ಪೇಟೆಗೆ ಬಂತು. ಅದರ ಪೆಟ್ಟಿಗೆಯ ಮೇಲಿನ ಸಾಲು ನಿಮಗೆಲ್ಲ ಬಾಯಿಪಾಠ. 'ಆರರಲ್ಲಿ ಐವರು ಮೆಚ್ಚಿದ್ದು.' ಆ ಐವರಲ್ಲದ ಒಬ್ಬರು ಆ ಸಾಲು ಅಚ್ಚಾದ ರಟ್ಟನ್ನೇ ಹದಿನೆಂಟು ವರ್ಷ ಮಡಚಿದರು, ಅಂಟಿಸಿದರು. ಯಾರೋ ತಮಾಷೆಗೆ 'ಆರನೇ ಅಕ್ಕ' ಎಂದರು, ಆಮೇಲೆ ಅದೇ ಹೆಸರಾಯಿತು. ಕ್ಯಾಂಟೀನಿನಲ್ಲಿ "ಇವತ್ತು ಟೀ ಹೇಗಿದೆ ಅಕ್ಕಾ?" ಎಂದು ಕೇಳಿದರೆ, "ನನ್ನ ಯಾಕೆ ಕೇಳ್ತೀರಿ, ನಾನು ಆರನೆಯವಳು" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು, ಅವರೂ ನಗುತ್ತಿದ್ದರು. ಆದರೆ ಒಂದು ದಿನ ಅಕ್ಕ ತಮ್ಮ ಮಗಳ ಮದುವೆಗೆ ಬಟ್ಟೆ ತೆಗೆಯಲು ನನ್ನನ್ನು ಜೊತೆಗೆ ಕರೆದರು. ಅಂಗಡಿಯವನು ಎರಡು ಸೀರೆ ಬಿಡಿಸಿ ಹಾಕಿದ. ಅಕ್ಕ ಎರಡನ್ನೂ ಮುಟ್ಟಿ ನೋಡಿದರು, ಮತ್ತೆ ಮತ್ತೆ ಮುಟ್ಟಿ ನೋಡಿದರು. ಕೊನೆಗೆ ನನ್ನ ಕಡೆ ತಿರುಗಿ, "ನೀನೇ ಹೇಳಮ್ಮಾ. ನನ್ನ ಕೈಗೆ ತಿಳಿಯಲ್ಲ" ಎಂದರು.

ಸಭಿಕರೇ, ಆ ಮಾತು ಕೇಳಿ ನನಗೆ ಅಲ್ಲೇ ನೆಲಕ್ಕಿಳಿದು ಹೋಗಬಾರದೇ ಎನಿಸಿತು. ಯಾಕೆ ಗೊತ್ತೇ? ಅವರ ಕೈಗೆ ತಿಳಿಯುತ್ತದೆ ಎಂದು ನನಗೆ ಆಗಲೇ ಗೊತ್ತಿತ್ತು.

ಹೇಗೆ ಗೊತ್ತಿತ್ತು? ಕೇಳಿ. ಅಕ್ಕ ಪೆಟ್ಟಿಗೆ ವಿಭಾಗಕ್ಕೆ ಹೋದ ಮೂರನೆಯ ದಿನ ನಾನು ಬೆಳಿಗ್ಗೆ ಮನೆಯಲ್ಲಿ ಮಗಳಿಗೆ ಶೂ ಹಾಕುತ್ತಿದ್ದೆ. ಆಗ ಅವಳಿಗೆ ಐದು ವರ್ಷ. ಅವಳು ಕುರ್ಚಿಯ ಮೇಲೆ, ನಾನು ಎದುರಿಗೆ ನೆಲದ ಮೇಲೆ. ಹೊತ್ತಾಗಿತ್ತು. "ಎಡಗಾಲು ಕೊಡು" ಎಂದೆ. ಕೊಟ್ಟಳು. "ಅದಲ್ಲ, ಎಡಗಾಲು!" ಎಂದು ಗದರಿದೆ. ಅವಳು ಕಾಲು ಹಿಂದೆ ತೆಗೆಯಲಿಲ್ಲ. "ಅಮ್ಮಾ, ಇದೇ ನನ್ನ ಎಡಗಾಲು. ಅದು ನಿನಗೆ ಎಡಗಡೆ ಇದೆ, ಅಷ್ಟೇ" ಎಂದಳು.

ಕೈಯಲ್ಲಿದ್ದ ಶೂ ಕೈಯಲ್ಲೇ ಉಳಿಯಿತು. ಎದುರಿಗೆ ಕೂತವರ ಎಡಗೈ ನನ್ನ ಬಲಕ್ಕಿರುತ್ತದೆ! ನಾನು ಎರಡು ವಾರ ನನ್ನ ಎಡಕ್ಕೆ ಕಂಡ ಕೈಗೆ ನೀಲಿ ಹಚ್ಚಿದ್ದೆ. ಅದು ಅವರ ಬಲಗೈ. ಅಂದರೆ ಆ ಐದು ಜನ ಬಲಗೈ ಚೆನ್ನಾಗಿದೆ ಎಂದರಲ್ಲ, ಅವರು ಮೆಚ್ಚಿದ್ದು ಅಗ್ಗದ ನೀಲಿಯನ್ನು. ಇಡೀ ಕಾರ್ಖಾನೆಯಲ್ಲಿ ಗಾಜನ್ನು ಗುರುತಿಸಿ ಮೆಚ್ಚಿದ ಚರ್ಮ ಒಂದೇ ಒಂದು. ನಾವು ಅದನ್ನೇ ಎಬ್ಬಿಸಿ ಗೋಂದಿನ ಬಕೆಟ್ಟಿನ ಮುಂದೆ ನಿಲ್ಲಿಸಿದ್ದೆವು.

ನೀವು ನಗುತ್ತಿದ್ದೀರಿ. ನಗಿ, ನಗುವಂಥದ್ದೇ. ನಾನು ಮಾತ್ರ ಅವತ್ತು ನಗಲಿಲ್ಲ. ಹೇಳಬೇಕಿತ್ತು. ಅವತ್ತೇ ಸಾಹೇಬರ ಕೋಣೆಗೆ ಹೋಗಿ ಹೇಳಬೇಕಿತ್ತು. ಬಾಗಿಲವರೆಗೆ ಹೋದೆ ಕೂಡ. ಒಳಗೆ ಪೆಟ್ಟಿಗೆಯ ಮಾದರಿ ನೋಡುತ್ತಾ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಮೂರು ತಿಂಗಳು ಮುಗಿದಿರಲಿಲ್ಲ, ಯಜಮಾನರ ಗ್ಯಾರೇಜು ಆಗ ಮುಚ್ಚಿತ್ತು. ಕಾರಣಗಳು ಎಷ್ಟು ಬೇಕು ಹೇಳಿ, ಇನ್ನೂ ಹತ್ತು ಕೊಡುತ್ತೇನೆ. ಅವೆಲ್ಲದರ ನಿಜವಾದ ಹೆಸರು ಹೆದರಿಕೆ. ನಾನು ವಾಪಸು ಬಂದೆ. ಮರುವಾರ ಒಂದು ಪೊಟ್ಟಣ ಕೆಂಪು ರಬ್ಬರ್ ಬ್ಯಾಂಡ್ ತಂದು, "ಎಲ್ಲರೂ ಎಡಗೈಗೆ ಹಾಕಿಕೊಳ್ಳಿ" ಎಂದೆ. ನಿಮ್ಮ ಸನ್ಮಾನಪತ್ರದ ದೂರದೃಷ್ಟಿ ಅಂದರೆ ಇಷ್ಟೇ. ಹತ್ತಿರದಲ್ಲಿದ್ದ ಎರಡು ಕೈಯೇ ನನಗೆ ಸರಿಯಾಗಿ ಕಂಡಿರಲಿಲ್ಲ!

ಮತ್ತೆ ಆ ಪರೀಕ್ಷೆ ಮಾಡಬಹುದಿತ್ತಲ್ಲ ಎನ್ನುತ್ತೀರಿ. ಒಮ್ಮೆ ಪಾಸಾದ ಪರೀಕ್ಷೆಗೆ ಮತ್ತೆ ಯಾರು ಕೂರುತ್ತಾರೆ? ಕಾರ್ಖಾನೆಯಲ್ಲಿ ನೀಲಿಯನ್ನೂ ಗಾಜನ್ನೂ ಮತ್ತೆ ಅಕ್ಕಪಕ್ಕ ಇಡಲೇ ಇಲ್ಲ. ನಾನು ಮನೆಯಲ್ಲಿ ಇಟ್ಟೆ. ಯಜಮಾನರ ಹಿಮ್ಮಡಿಯ ಮೇಲೆ. ಗ್ಯಾರೇಜಿನಲ್ಲಿ ಒಡೆದ ಹಿಮ್ಮಡಿ, ಅದರ ಬಿರುಕಿನಲ್ಲಿ ಒಂದು ನಟ್ಟು ಇಟ್ಟರೆ ಬೀಳುತ್ತಿರಲಿಲ್ಲ. ಎಡಗಾಲಿಗೆ ಕೆಂಪು ಬ್ಯಾಂಡ್ ಹಾಕಿ, ಒಂದಕ್ಕೆ ನೀಲಿ, ಒಂದಕ್ಕೆ ಗಾಜು, ಒಂದು ಇಡೀ ಚಳಿಗಾಲ ಹಚ್ಚಿದೆ. ಕೊನೆಗೆ ಕೇಳಿದರೆ ಅವರು ಹೇಳಿದ್ದು, "ಎರಡೂ ಒಂದೇ ಕಣೇ. ಆದರೆ ನೀನು ದಿನಾ ಕಾಲು ಹಿಡೀತಿದ್ದೀಯಲ್ಲ, ಪರೀಕ್ಷೆ ಇನ್ನೊಂದು ವರ್ಷ ನಡೀಲಿ!"

ಆದ್ದರಿಂದ ಹಲ್ಲಿನ ಡಾಕ್ಟರಿಗೆ, ಬಸ್ಸಿನ ಅಕ್ಕತಂಗಿಯರಿಗೆ, ಎಲ್ಲರಿಗೂ ನನ್ನ ಉತ್ತರ ಇದು. ಎರಡೂ ನಮ್ಮ ಒಂದೇ ಕಟ್ಟಡದಲ್ಲಿ ಬೇಯುತ್ತವೆ. ನೀರು, ಎಣ್ಣೆ, ಮೇಣ, ಗ್ಲಿಸರಿನ್ ಎರಡಕ್ಕೂ ಬೇಕು. ಗಾಜಿಗೆ ಇನ್ನೆರಡು ಸಾಮಾನು ಸೇರುತ್ತವೆ, ಒಳ್ಳೆಯ ಪರಿಮಳ ಸೇರುತ್ತದೆ, ಆ ಭಾರದ ಡಬ್ಬಿ ಸೇರುತ್ತದೆ. ಬಹಳ ಜನಕ್ಕೆ ನೀಲಿ ಧಾರಾಳವಾಗಿ ಸಾಕು. ಕೆಲವರಿಗೆ ಗಾಜೇ ಒಗ್ಗುತ್ತದೆ, ಅದೂ ಸುಳ್ಳಲ್ಲ. ಚರ್ಮಕ್ಕೆ ಓದು ಬರುವುದಿಲ್ಲ, ಬೆಲೆಯ ಚೀಟಿ ಅದಕ್ಕೆ ಕಾಣುವುದಿಲ್ಲ. ನಿಮ್ಮ ಕೈಯನ್ನೇ ಕೇಳಿ. ಪೆಟ್ಟಿಗೆಯನ್ನು ಕೇಳಬೇಡಿ. ಅದರಲ್ಲೂ ನಮ್ಮ ಪೆಟ್ಟಿಗೆಯನ್ನು ಕೇಳಲೇಬೇಡಿ.

ಅಧ್ಯಕ್ಷರು ನೀರು ಕುಡಿದರು. ಸಾರ್, ಮುಂದಿನ ತಿಂಗಳಿನಿಂದ ಆ 'ಆರರಲ್ಲಿ ಐವರು' ಸಾಲನ್ನು ಬಂಗಾರದ ಬಣ್ಣದಲ್ಲಿ ಅಚ್ಚು ಹಾಕಿಸುತ್ತೀರಿ ಎಂದು ಕೇಳಿದೆ. ದಯವಿಟ್ಟು ನಿಲ್ಲಿಸಿ. ನಡೆದದ್ದನ್ನೆಲ್ಲ ಬರೆದು ಸಹಿ ಹಾಕಿ ತಂದಿದ್ದೇನೆ, ಇಗೋ, ಈ ಲಕೋಟೆಯಲ್ಲಿದೆ. ಏನು ಕ್ರಮ ತೆಗೆದುಕೊಂಡರೂ ನನಗೆ ಒಪ್ಪಿಗೆ. ಹಳೆಯ ಮ್ಯಾನೇಜರ್ ಸಾಹೇಬರೇ, ನೀವು ತಲೆ ತಗ್ಗಿಸಬೇಡಿ. ಕೈ ಅದಲುಬದಲು ಮಾಡಿದ ತಪ್ಪು ಪೂರ್ತಿ ನನ್ನದು. ಅವತ್ತಿನ ನಗು ಮಾತ್ರ ನಿಮ್ಮದು, ಅದನ್ನು ಈಗಲೂ ವಾಪಸು ತೆಗೆದುಕೊಳ್ಳಬಹುದು.

ಇನ್ನು ಒಂದೇ ಕೆಲಸ ಉಳಿದಿದೆ. ನಿವೃತ್ತಿಯಾದವರಿಗೆಲ್ಲ ಗಾಜು ಕ್ರೀಮು ತುಂಬಿದ ಒಂದು ಬುಟ್ಟಿ ಕೊಡುವುದು ನಮ್ಮಲ್ಲಿ ವಾಡಿಕೆ. ಆರು ವರ್ಷದ ಕೆಳಗೆ ಇದೇ ಸಭಾಂಗಣದಲ್ಲಿ ಆರನೇ ಅಕ್ಕನನ್ನು ಬೀಳ್ಕೊಟ್ಟಾಗ ಮಾತ್ರ ಆ ವಾಡಿಕೆ ಮುರಿದೆವು. "ಇವರಿಗೆ ಇದೇ ಇಷ್ಟ ಅಲ್ವಾ!" ಎಂದು ಒಂದು ಪೆಟ್ಟಿಗೆ ನೀಲಿ ಕೊಟ್ಟೆವು. ಸಭೆಯೆಲ್ಲ ನಕ್ಕಿತು. ಅಕ್ಕ ಆ ಪೆಟ್ಟಿಗೆಯನ್ನು ಎದೆಗವಚಿಕೊಂಡು, ನಗುತ್ತಲೇ ಮೆಟ್ಟಿಲಿಳಿದು ಹೋದರು. ನಾನು ಅವತ್ತೂ ಬಾಯಿ ಬಿಡಲಿಲ್ಲ.

ಅಕ್ಕಾ, ನೀವು ಕೊನೆಯ ಸಾಲಿನಲ್ಲಿ, ಫ್ಯಾನಿನ ಕೆಳಗೆ ಕೂತಿದ್ದೀರಿ. ನನ್ನ ಮಗಳು ಬೆಳಿಗ್ಗೆ ನಿಮ್ಮ ಮನೆಗೆ ಬಂದು ಬಲವಂತ ಮಾಡಿ ಕರೆತಂದದ್ದು ಯಾಕೆ ಎಂದು ಈಗ ಗೊತ್ತಾಯಿತಲ್ಲ? ಶೂ ಹಾಕಿಸಿಕೊಳ್ಳುತ್ತಾ ನಿಜ ಹೇಳಿದವಳು ಅವಳೇ. ನಿಮ್ಮ ಕೈ ಯಾವತ್ತೂ ತಪ್ಪು ಹೇಳಿರಲಿಲ್ಲ ಅಕ್ಕಾ. ಸೀರೆ ಅಂಗಡಿಯಲ್ಲಿ ನಾನು ಆರಿಸಿ ಕೊಟ್ಟ ಸೀರೆಯ ಬಣ್ಣ ಎರಡು ಒಗೆತಕ್ಕೇ ಹೋಯಿತು. ನೀವು ಕೊನೆಗೆ ಮುಟ್ಟಿ, ಮನಸ್ಸಿಲ್ಲದೆ ಕೆಳಗಿಟ್ಟಿರಲ್ಲ, ಅದನ್ನೇ ತರಬೇಕಿತ್ತು.

ನನಗೆ ಕೊಟ್ಟ ಈ ಬುಟ್ಟಿ ನಿಮ್ಮದು. ಮೇಲೆ ಬನ್ನಿ. ಹೆದರಬೇಡಿ, ಇವತ್ತು ಯಾರೂ ನಗುವುದಿಲ್ಲ... ನೋಡಿ, ಎಲ್ಲರೂ ಎದ್ದು ದಾರಿ ಬಿಡುತ್ತಿದ್ದಾರೆ. ನಿಮ್ಮ ಎಡಗೈ ಯಾವುದು ಎಂದು ನೀವೇ ತೋರಿಸಿ, ಅದಕ್ಕೆ ನಾನು ನನ್ನ ಕೈಯಾರೆ ಹಚ್ಚುತ್ತೇನೆ. ಈ ಸಲ ನಿಮ್ಮ ಎದುರಿಗೆ ಕೂರುವುದಿಲ್ಲ ಅಕ್ಕಾ, ಪಕ್ಕದಲ್ಲಿ ಕೂರುತ್ತೇನೆ.

ಹತ್ತು ನಿಮಿಷ ಎಂದು ಹೇಳಿ ಇಷ್ಟು ಹೊತ್ತು ಹಿಡಿದಿಟ್ಟಿದ್ದಕ್ಕೆ ಕ್ಷಮೆಯಿರಲಿ. ಊಟ ತಡವಾದರೂ ಎದ್ದು ಹೋಗದೆ ಕೇಳಿದ ನಿಮಗೆಲ್ಲ ಧನ್ಯವಾದಗಳು. ಅಕ್ಕ ಮೆಟ್ಟಿಲು ಹತ್ತುತ್ತಿದ್ದಾರೆ, ನನಗೆ ಕೆಲಸವಿದೆ. ಎಲ್ಲರಿಗೂ ನನ್ನ ಎರಡೂ ಕೈ ಜೋಡಿಸಿ ನಮಸ್ಕಾರ.