ಸೀಲಾವತಿಗೆ ಇಡದ ಎಲೆ

ಇದು ನಮ್ಮ ಪಕ್ಕದ ಮನೆ ತಿಲಕರತ್ನನಿಗೆ ಆದದ್ದು. ಪೊಲೊನ್ನರುವಾ ಆಚೆ, ನಮ್ಮ ಸಿಂಹಳರ ಊರಲ್ಲೇ. ಯುದ್ಧ ನಿಂತು ಮೂರು ವರ್ಷ ಆಗಿತ್ತು.

ಅವತ್ತು ಅವನ ಹೆಂಡತಿ ಸೀಲಾವತಿ ಸತ್ತು ಏಳನೇ ದಿನ. ರಾತ್ರಿ ತಿಲಕರತ್ನ ಒಬ್ಬನೇ ನಡೆದು ಬರುತ್ತಿದ್ದ. ಪ್ರಾರ್ಥನೆ ಮಾಡಿಸಲು ಬಂದಿದ್ದ ಕ್ರೈಸ್ತ ಬೋಧಕ ದೇವನೇಸನ್ ಅವರನ್ನು ಕೊನೇ ಬಸ್ಸು ಹತ್ತಿಸಿ ವಾಪಸ್. ಬೋಧಕರು ಕರಾವಳಿಯ ತಮಿಳರು. ಅವರ ಸೈಕಲ್ಲಿನ ಗಾಳಿ ಯಾರೋ ಬಿಟ್ಟಿದ್ದರು.

"ನಾಲ್ಕನೇ ಸಲ ಅಣ್ಣ," ಅಂತ ಬೋಧಕರು ನಕ್ಕಿದ್ದರು. "ನಿಮ್ಮೂರವರಿಗೆ ನನ್ನ ಮೇಲೆ ಏನೂ ಇಲ್ಲ. ಎಲ್ಲಾ ಸಿಟ್ಟು ಈ ಟೈರಿನ ಮೇಲೇ."

ಬಸ್ಸು ಹತ್ತುವಾಗ ನಗಲಿಲ್ಲ.

"ಎಲೆ ಇಡಬೇಡಿ ಅಣ್ಣ. ಅವಳು ಕರ್ತನ ಹತ್ತಿರ ಇದ್ದಾಳೆ. ಅಲ್ಲಿ ಹಸಿವಿಲ್ಲ."

ನಮ್ಮಲ್ಲಿ ಏಳನೇ ರಾತ್ರಿ, ಸತ್ತವರಿಗೆ ಇಷ್ಟವಾದದ್ದನ್ನು ಎಲೆಯಲ್ಲಿ ಬಡಿಸಿ ಹಿತ್ತಲಲ್ಲಿ ಇಡಬೇಕು. ಆದರೆ ಸೀಲಾವತಿ ಹೊಟ್ಟೆಯ ಗಡ್ಡೆ ನೋವಲ್ಲಿ ಬೋಧಕರ ಪ್ರಾರ್ಥನೆಗೆ ಸೇರಿದವಳು. ಸಾಯುವ ಮುಂಚೆ ಗಂಡನ ಕೈ ಹಿಡಿದು ಆಣೆ ಹಾಕಿಸಿಕೊಂಡಿದ್ದಳು. ನನಗೆ ಎಲೆ ಇಡಬೇಡಿ ಅಂತ. ಊರವರು ಅವಳನ್ನು ಸ್ಮಶಾನದ ಒಳಗೆ ಹೂಳಲು ಬಿಡಲಿಲ್ಲ. ಬೇಲಿಯಾಚೆ, ಹಳೇ ಬಾವಿ ಪಕ್ಕ ಹೂತರು.

ಅವತ್ತು ಸಂಜೆ ಟೀ ಅಂಗಡಿ ಹೀನ್‌ಬಂಡ ಎಲ್ಲರೆದುರು ಕೇಳಿದ್ದ. "ಏನಪ್ಪಾ, ಆ ದೇವರ ಮನೇಲಿ ಅವಳಿಗೆ ತೆಂಗಿನತುರಿ ಕಲಸಿದ ಸಂಬಲ ಸಿಗತ್ತಾ? ಇಲ್ಲಾ ಬರೀ ಬ್ರೆಡ್ಡಾ?"

ಆಮೇಲೆ ದನಿ ತಗ್ಗಿಸಿದ್ದ. "ಇಟ್ಟುಬಿಡೋ ತಮ್ಮಾ... ಹಸಿದುಕೊಂಡು ಅಲೀತಾಳೆ ಕಣೋ."

ರಾತ್ರಿ ನಡೆದು ಬರುತ್ತಾ ತಿಲಕರತ್ನ ಆ ಬಾವಿ ಹತ್ತಿರ ಬಂದ. ಗಾಳಿ ಇರಲಿಲ್ಲ. ಆದರೂ ರಾಟೆ ತಿರುಗಿತು. ಕಿರ್‍ರ್... ಕಿರ್‍ರ್... ಆಮೇಲೆ ಕೊಡ ನೀರಿಗೆ ಬಿತ್ತು. ದುಬುಕ್.

ಅವನು ತಿರುಗಿ ನೋಡಲಿಲ್ಲ. ಓಡಲೂ ಇಲ್ಲ. ಹಾಗೇ ಮನೆ ಕಡೆ ನಡೆದ.

ಮನೆ ಕತ್ತಲು. ಬಾಗಿಲು ತೆಗೆದ. ಅಡುಗೆಮನೆಯಲ್ಲಿ ಸದ್ದು.

ಕರ್, ಕರ್... ಕರ್, ಕರ್...

ಹೆರೆಮಣೆ ಮೇಲೆ ಕೂತು ಕಾಯಿ ತುರಿಯುವ ಸದ್ದು. ಎರಡು ಸಲ ಎಳೆಯುವುದು, ನಿಲ್ಲುವುದು. ಹನ್ನೊಂದು ವರ್ಷ ಕೇಳಿದ್ದ. ಅದು ಅವಳ ಕೈ.

"ಯಾರು?"

ಸದ್ದು ನಿಂತಿತು.

"ನಾನೇ ರೀ."

"...ಯಾಕೆ ಬಂದೆ?"

"ಹಸಿವಾಗ್ತಿದೆ."

ತಿಲಕರತ್ನ ಬಾಗಿಲ ಚೌಕಟ್ಟು ಹಿಡಿದುಕೊಂಡ. "ನೀನೇ ಹೇಳಿದ್ದೆ, ಇಡಬೇಡ ಅಂತ."

"ಹೂಂ. ಹೇಳಿದ್ದೆ."

"ಈಗ ಇಡಲಾ?"

"ಇಡಬೇಡಿ... ಆಣೆ ಹಾಕಿದ್ದೀರಿ."

"ಮತ್ತೆ ನಾನೇನು ಮಾಡಲಿ ಸೀಲಾ?"

"ಗೊತ್ತಿಲ್ಲ ರೀ... ಹಸಿವು ಮಾತ್ರ ಆಗ್ತಿದೆ."

ಮತ್ತೆ ಕರ್, ಕರ್.

ಅವನು ತಡಕಾಡಿ ಮಡಕೆಯಿಂದ ಅನ್ನ ಎಲೆಗೆ ಹಾಕಿದ. ಹಿತ್ತಲ ಬಾಗಿಲವರೆಗೆ ಹೋದ. ಹೊಸ್ತಿಲು ದಾಟಲು ಆಗಲಿಲ್ಲ. ಎಸೆಯಲೂ ಆಗಲಿಲ್ಲ, ತಿನ್ನಲೂ ಆಗಲಿಲ್ಲ. ಅಲ್ಲೇ ಕೂತ. ಎಲೆ ತೊಡೆ ಮೇಲೆ. ಸದ್ದು ಯಾವಾಗ ನಿಂತಿತೋ ಅವನಿಗೆ ಗೊತ್ತಾಗಲಿಲ್ಲ.

ಬೆಳಿಗ್ಗೆ ನಾನು ಹೋದಾಗಲೂ ಹಾಗೇ ಕೂತಿದ್ದ. ಅನ್ನ ಗಟ್ಟಿಯಾಗಿತ್ತು. ಒಂದು ಅಗುಳೂ ಕಮ್ಮಿ ಇರಲಿಲ್ಲ.

ನಂಬಿದರೆ ನಂಬಿ. ಅವಳು ಸತ್ತ ಮೇಲೆ ಆ ಮನೆಗೆ ತೆಂಗಿನಕಾಯಿ ಬಂದಿರಲಿಲ್ಲ. ತುರಿಯುವವರು ಯಾರಿದ್ದರು? ಆದರೆ ಹೆರೆಮಣೆ ಪಕ್ಕದಲ್ಲಿ ಅರ್ಧ ಚಿಪ್ಪು ಇತ್ತು. ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಒಳಗೆ ಇನ್ನೂ ಒದ್ದೆ ಇತ್ತು. ತುರಿ ಮಾತ್ರ ಎಲ್ಲೂ ಇರಲಿಲ್ಲ.