ಒಂದೇ ಸಲ ತಟ್ಟಿ

ಕೌಂಟರಿನ ಗಾಜಿನ ಮೇಲೆ ‘ಒಂದೇ ಸಲ ತಟ್ಟಿ’ ಅಂತ ಚೀಟಿ ಯಾಕೆ ಅಂಟಿಸಿದೀಯ ಅಂತ ಕೇಳ್ದೆಯಲ್ಲ... ಹೇಳ್ತೀನಿ. ಆ ಕಡೆ ದೀಪ ಆರಿಸು, ಒಂದು ಸಾಕು. ಇಷ್ಟು ಹೊತ್ತಾದ ಮೇಲೆ ಇನ್ನು ರೋಗಿಗಳು ಬರೋದು ಕಡಿಮೆ. ನಗಬೇಡ ಅಷ್ಟೆ. ದೆವ್ವ ಅಂದ್ರೆ ಮೊದಲು ನಗ್ತಿದ್ದೋಳು ನಾನೇ.

ನಮ್ಮ ದೊಡ್ಡಪ್ಪನ ಮಗ ಇದಾನಲ್ಲ, ನಮ್ಮ ಮನೆ ಮಹಡಿಯಲ್ಲಿರೋ ಅಣ್ಣ, ಅವನಿಗೆ ಆದದ್ದು ಇದು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪುಟ ಜೋಡಿಸೋ ಕೆಲಸ ಅವನದು. ಮನೆಗೆ ಬರೋದು ರಾತ್ರಿ ಹನ್ನೊಂದೂವರೆಗೆ. ದಾರೀಲಿ ಒಂದು ಹಳೇ ಬಾವಿ ಇದೆ, ಮೇಲೆ ಕಬ್ಬಿಣದ ತಗಡು ಮುಚ್ಚಿದಾರೆ. ಅವತ್ತೂ ತಲೆ ತಗ್ಗಿಸಿಕೊಂಡು ಅದರ ಪಕ್ಕದಲ್ಲೇ ಬರ್ತಿದ್ದ. ಚಪ್ಪಲಿ ಸದ್ದು ಬಿಟ್ರೆ ಏನೂ ಇಲ್ಲ. ಆಗ ಆ ತಗಡಿನ ಮೇಲೆ...

ಟಕ್... ಟಕ್.

ಎರಡೇ ಸಲ. ಕಲ್ಲು ಬಿದ್ದದ್ದಲ್ಲ. ಕಲ್ಲಾಗಿದ್ರೆ ಠಣ್ ಅಂತ ಬಾವಿ ಒಳಗೆಲ್ಲ ಮೊಳಗ್ತಿತ್ತು. ಇದು ಪೆನ್ನಿನ ಮುಚ್ಚಳದಿಂದ ಮರದ ಮೇಜು ಕುಟ್ಟಿದ ಸದ್ದು. ಕಬ್ಬಿಣದ ಮೇಲೆ, ಮರದ ಸದ್ದು.

ಅವನು ನಿಲ್ಲಲಿಲ್ಲ, ಓಡಲೂ ಇಲ್ಲ. ಹೆದರಿಕೆ ಆಗ್ಲಿಲ್ವಾ ಅಂತ ಆಮೇಲೆ ಕೇಳ್ದೆ. “ಆಗ್ಬೇಕಿತ್ತು. ಆಗ್ಲಿಲ್ಲ” ಅಂದ. ಎಂಟು ತಿಂಗಳಿಂದ ಅವನಿಗೆ ಏನೂ ಆಗ್ತಿರಲಿಲ್ಲ ಕಣೇ. ಅತ್ತಿಗೆ ಹೋದಾಗಿಂದ. ಅಳಲಿಲ್ಲ, ರೇಗಲಿಲ್ಲ. ಬಡಿಸಿದ್ದು ಉಣ್ತಿದ್ದ. ಬೇಕು ಅಂತಲೇ ಒಂದು ದಿನ ಸಾರಿಗೆ ಉಪ್ಪು ಹಾಕದೆ ಬಡಿಸಿ ನೋಡಿದೆ. ಅದನ್ನೂ ಉಂಡು ತಟ್ಟೆ ತೊಳೆದಿಟ್ಟ. ಕಾಲು ಜೋಮು ಹಿಡಿಯುತ್ತಲ್ಲ, ಹಾಗೆ ಇಡೀ ಮನುಷ್ಯನಿಗೇ ಜೋಮು ಹಿಡಿದಿತ್ತು. ನನಗೂ ಅಷ್ಟೆ ಅನ್ನು. ಅತ್ತಿಗೆ ಅಂದ್ರೆ ನನಗೆ ಪ್ರಾಣ. ಆದ್ರೂ ಮಣ್ಣು ಮಾಡಿ ಬಂದ ದಿನ ನಾನು ಮಾಡಿದ್ದೇನು ಗೊತ್ತಾ? ಬಂದು ಬಟ್ಟೆ ಮಡಚಿಟ್ಟೆ.

ಈಗ ಆ ಸದ್ದಿನ ವಿಷಯ. ಅಣ್ಣ ಅತ್ತಿಗೆ ಸೇರಿ ಹನ್ನೊಂದು ವರ್ಷ ಒಂದು ಕೆಲಸ ಮಾಡಿಕೊಂಡು ಬಂದಿದ್ರು. ವೆಬ್‌ಸೈಟು ಕಟ್ಟೋರಿಗೆ ಬೇಕಾದ ಚೌಕಟ್ಟು. ಅಂಗಡಿಯಲ್ಲಿ ಬಾಗಿಲ ಚೌಕಟ್ಟು ಸಿದ್ಧ ಸಿಗಲ್ವಾ, ತಂದು ಸುತ್ತ ಗೋಡೆ ಎಬ್ಬಿಸಿಕೊಳ್ಳೋದು, ಹಾಗೆ. ಇದು ಪುಕ್ಕಟೆ. ಯಾರು ಬೇಕಾದ್ರೂ ತಗೋಬಹುದು, ಒಳಗೆ ಹೇಗೆ ಮಾಡಿದೀವಿ ಅಂತ ನೋಡಬಹುದು, ಬೇಕಾದ ಹಾಗೆ ತಿದ್ದಿಕೊಳ್ಳಬಹುದು. ಎಷ್ಟೋ ಸಣ್ಣ ಸಣ್ಣ ಲೈಬ್ರರಿ, ಶಾಲೆ, ಆಸ್ಪತ್ರೆ ಅದರ ಮೇಲೆ ನಿಂತಿವೆ. ನೀನೀಗ ಮೊಣಕೈ ಊರಿ ಕೂತಿದೀಯಲ್ಲ, ಈ ಕಂಪ್ಯೂಟರಲ್ಲಿ ರೋಗಿ ಚೀಟಿ ತೆರೆಯೋದೂ ಅದರಲ್ಲೇ.

ಅದರಲ್ಲಿ ಮೂರು ಭಾಗ. ಮಾಡೆಲ್, ವ್ಯೂ, ಕಂಟ್ರೋಲರ್ ಅಂತಾರೆ. ನನ್ನ ಮಂಡೆಗೆ ಹತ್ತಲಿಲ್ಲ. ಅತ್ತಿಗೆ ಇದೇ ಕೌಂಟರಿಗೆ ಬಂದು ತೋರಿಸಿ ಹೇಳಿಕೊಟ್ಟಳು. “ಹಿಂದೆ ನಿಮ್ಮ ದಾಖಲೆ ಕೋಣೆ ಇದೆ, ಅದು ಮಾಡೆಲ್. ಮುಂದೆ ಜನ ನೋಡೋ ಈ ಕಿಟಕಿ, ಇದು ವ್ಯೂ. ಕಿಟಕಿಯಲ್ಲಿ ಕೇಳಿದ್ದನ್ನ ಕೋಣೆಯಿಂದ ತರೋ ಅಟೆಂಡರ್ ಇದಾನಲ್ಲ, ಅವನೇ ಕಂಟ್ರೋಲರ್. ಮೂವರೂ ಅವರವರ ಕೆಲಸ ಅಷ್ಟೇ ಮಾಡಬೇಕು” ಅಂದಳು. ನಮ್ಮ ಅಟೆಂಡರ್ ಕೇಳಿಸಿಕೊಂಡು ಒಂದು ವಾರ ಎದೆ ಉಬ್ಬಿಸಿಕೊಂಡು ಓಡಾಡಿದ.

ಅವರಿಬ್ಬರ ನಡುವೆ ಒಂದು ನಿಯಮ ಇತ್ತು. ಒಬ್ಬರು ಬರೆದದ್ದನ್ನ ಇನ್ನೊಬ್ಬರು ಸಾಲು ಸಾಲು ಓದಿ ಒಪ್ಪಬೇಕು. ಒಪ್ಪದೆ ಒಂದಕ್ಷರ ಒಳಗೆ ಹೋಗಲ್ಲ. ತಾನು ಬರೆದದ್ದನ್ನ ತಾನೇ ಒಪ್ಪೋ ಹಾಗೂ ಇಲ್ಲ. ‘ಎರಡನೇ ಕಣ್ಣು’ ಅಂತಿದ್ಲು ಅತ್ತಿಗೆ. ಒಪ್ಪೋರ ಪಟ್ಟಿಯಲ್ಲಿ ಎರಡೇ ಹೆಸರು, ಅವನದು, ಅವಳದು. ಅವಳು ಓದಿ ಸರಿ ಅನ್ನಿಸಿದ್ರೆ ಬಾಯಲ್ಲಿ ಹೇಳ್ತಿರಲಿಲ್ಲ. ಪೆನ್ನಿನ ಮುಚ್ಚಳದಿಂದ ಮೇಜಿನ ಅಂಚು ಕುಟ್ಟೋಳು. ಟಕ್ ಟಕ್. ಅಷ್ಟು ಕೇಳಿದ್ರೆ ಅಣ್ಣ ಎದ್ದು ಊಟಕ್ಕೆ ಬರ್ತಿದ್ದ.

ಅವಳು ಹೋದ ಮೇಲೆ ಅವನು ಅದನ್ನ ಮುಟ್ಟಲಿಲ್ಲ. ಅವಳು ಇಲ್ಲ ಅಂತ ಅದನ್ನ ಬಳಸೋರು ಯಾರಿಗೂ ಹೇಳಲೂ ಇಲ್ಲ. ಹಾಗಿರೋವಾಗ ದೂರದ ಒಂದು ಊರಿಂದ ಲೈಬ್ರರಿಯ ಹೆಂಗಸೊಬ್ಬಳು ಬರೆದಳು. ಅವಳ ಲೈಬ್ರರಿಯೂ ಇದೇ ಚೌಕಟ್ಟಿನದು. ಅದರಲ್ಲಿ ಒಂದು ತೂತು ಕಂಡಿದ್ದಾಳೆ. ಕಂಪ್ಯೂಟರಲ್ಲಿ ಪುಟದ ಮೇಲ್ಗಡೆ ಕಾಣೋ ವಿಳಾಸದಲ್ಲಿ ಒಂದು ಅಂಕಿ ಬದಲಾಯಿಸಿದ್ರೆ ಸಾಕು, ಬೇರೆಯವರ ದಾಖಲೆ ತೆರೆಯುತ್ತೆ. ‘ಅರವತ್ತು ದಿನ ಕಾಯ್ತೀನಿ. ಅಷ್ಟರಲ್ಲಿ ಸರಿಯಾಗದಿದ್ರೆ ಬಳಸೋರಿಗೆಲ್ಲ ಬಹಿರಂಗವಾಗಿ ತಿಳಿಸಬೇಕಾಗುತ್ತೆ, ಕ್ಷಮಿಸಿ’ ಅಂತ. ಅವಳದು ತಪ್ಪಲ್ಲ, ಆ ಕೆಲಸದ ರೀತಿಯೇ ಹಾಗೆ. ಆದ್ರೆ ಬಹಿರಂಗ ಆದ ಗಳಿಗೆಯಿಂದ ಕಳ್ಳರಿಗೂ ಗೊತ್ತಾಗುತ್ತಲ್ಲ. ಇಲ್ಲಿ ಜನ ಗಂಡನಿಗೂ ಹೇಳದ ಕಾಯಿಲೆ ಪಿಸುಗುಟ್ಟಿ ಬರೆಸಿ ಹೋಗ್ತಾರೆ. ಅದೆಲ್ಲ ಬೀದಿಗೆ ಬೀಳ್ತಿತ್ತು.

ತಿದ್ದಬೇಕು ಅಂದ್ರೆ ಎರಡನೇ ಕಣ್ಣು ಬೇಕು. ಇಲ್ಲಾಂದ್ರೆ ಪಟ್ಟಿಯಿಂದ ಅವಳ ಹೆಸರು ಅಳಿಸಿ ಬೇರೆಯವರದು ಹಾಕಬೇಕು. ಎರಡನೇ ಕಣ್ಣಿಲ್ದೆ ಆ ಪಟ್ಟಿ ಮಾತ್ರ ತಿದ್ದೋ ಅಧಿಕಾರ ಅವನಿಗಿತ್ತು. ಐವತ್ತೊಂಬತ್ತು ದಿನ ಪಟ್ಟಿ ತೆರೆದು, ಅವಳ ಹೆಸರಿನ ಕೊನೆಗೆ ಬೆರಳಿಟ್ಟು ಕೂತು, ಮುಚ್ಚಿ ಎದ್ದಿದ್ದಾನೆ. “ದುಃಖ ಏನಿಲ್ಲಮ್ಮ, ಬೆರಳು ಹೋಗ್ತಿಲ್ಲ ಅಷ್ಟೆ” ಅಂದ ನನ್ನ ಹತ್ರ.

ಕೊನೇ ದಿನ ಮಧ್ಯಾಹ್ನ ಹೇಗೋ ತಿದ್ದುಪಡಿ ಬರೆದು, ರೂಢಿಯಂತೆ ಅವಳ ಹೆಸರಿಗೆ ಒಪ್ಪಿಗೆಗೆ ಕಳಿಸಿ ಪ್ರೆಸ್ಸಿಗೆ ಹೋದ. ಸತ್ತೋಳಿಗೆ. ಬೆಳಿಗ್ಗೆ ಒಂಬತ್ತಕ್ಕೆ ಗಡುವು. ಅವತ್ತು ರಾತ್ರೀನೇ ಬಾವಿ ಹತ್ರ ಆ ಸದ್ದು.

ಮನೆಗೆ ಬಂದು ಕಂಪ್ಯೂಟರ್ ತೆರೆದಿದ್ದಾನೆ. ಐದು ನಿಮಿಷಕ್ಕೆ ನನ್ನ ಬಾಗಿಲು ತಟ್ಟಿದ.

“ಬಾ... ಒಂದು ನಿಮಿಷ.”

ಹೋದೆ. ಪರದೆ ಮೇಲೆ ಅತ್ತಿಗೆ ಹೆಸರು. ಕೆಳಗೆ ಎರಡು ಸಾಲು.

‘ರೀ, ಕಿಟಕಿಗೆ ಪರದೆ ಎಳೆದಿದೀರಿ ಅಷ್ಟೆ. ಕೋಣೆ ತೆರೆದೇ ಇದೆ. ಯಾರ ಚೀಟಿ, ಯಾರು ಕೇಳ್ತಿರೋದು ಅಂತ ಅಟೆಂಡರ್ ಕೇಳಬೇಕು.’

“ಯಾರೋ ಪಾಸ್‌ವರ್ಡ್ ಕದ್ದಿದಾರೆ ಅಣ್ಣ” ಅಂದೆ.

“ಇರಬಹುದು.”

“ಪೊಲೀಸರಿಗೆ ಹೇಳೋಣ.”

“ಹೇಳೋಣ. ಆದ್ರೆ... ಅವಳು ಹೇಳಿದ್ದು ಸರಿ.”

ಕೂತ. ಕಿಟಕಿಗೆ ಎಳೆದಿದ್ದ ಆ ಪರದೆ ಕಿತ್ತು, ಅಟೆಂಡರ್ ಜಾಗದಲ್ಲಿ ಹೊಸದಾಗಿ ಬರೆದ. ಎರಡು ಗಂಟೆ ಹಿಡೀತು. ನಾನು ಅತ್ತಿಗೆ ಕುರ್ಚಿಯಲ್ಲಿ ಕೂರದೆ ನೆಲದ ಮೇಲೆ ಕೂತಿದ್ದೆ. ಫ್ಯಾನು ಕಿರ್ ಕಿರ್ ಅಂತಿತ್ತು. ಕಳಿಸಿದ. ಕಾದ್ವಿ. ಫ್ಯಾನು ತಾನಾಗೇ ನಿಲ್ತು. ಕರೆಂಟ್ ಹೋಗಿರಲಿಲ್ಲ, ದೀಪ ಉರೀತಾ ಇತ್ತು...

ಟಕ್... ಟಕ್.

ಮೇಜಿನ ಅಂಚಲ್ಲಿ, ಅವಳು ಕೂರ್ತಿದ್ದ ಕಡೆ. ಅಣ್ಣನ ಎರಡೂ ಕೈ ತೊಡೆ ಮೇಲಿತ್ತು, ನಾನು ನೋಡ್ತಾನೇ ಇದ್ದೆ. ಪರದೆ ಮೇಲೆ ‘ಒಪ್ಪಲಾಗಿದೆ’ ಅಂತ ಬಂತು. ತೂತು ಮುಚ್ತು. ಫ್ಯಾನು ಮತ್ತೆ ತಿರುಗಿತು.

ಉಸಿರು ಬಿಡೋಷ್ಟರಲ್ಲಿ ಇನ್ನೊಂದು ಬಂತು. ಈ ಸಲ ಅವಳು ಬರೆದದ್ದು, ಅವನು ಒಪ್ಪಬೇಕಾದದ್ದು. ಎರಡೇ ಸಾಲಿನ ಬದಲಾವಣೆ. ಒಪ್ಪೋರ ಪಟ್ಟಿಯಲ್ಲಿ ತನ್ನ ಹೆಸರು ತೆಗೆದು, ಆ ಲೈಬ್ರರಿ ಹೆಂಗಸಿನ ಹೆಸರು ಹಾಕಿದ್ಲು.

“ಒಪ್ಪಬೇಡ” ಅಂತ ಪಿಸುಗುಟ್ಟಿದೆ. ನಾನೇ ಅಂದೆ ಹಾಗೆ, ಹೆದರಿಕೆಯಿಂದಲ್ಲ. ಒಪ್ಪಿದ್ರೆ ಅವಳು ಮತ್ತೆ ಬರಲ್ಲ ಅಂತ.

“ಅವಳು ಬರೆದದ್ದನ್ನ ಅವಳೇ ಒಪ್ಪೋ ಹಾಗಿಲ್ಲ ಕಣಮ್ಮ” ಅಂದ ಮೆಲ್ಲಗೆ. “ನಾನೇ ಒಪ್ಪಬೇಕು.”

ಎರಡು ಸಾಲು ಓದೋಕೆ ಬೆಳಗಿನ ಜಾವ ಐದು ಗಂಟೆ ತನಕ ಕೂತಿದ್ದ. ತಪ್ಪು ಹುಡುಕ್ತಿದ್ದ ಅನ್ಸುತ್ತೆ. ಒಂದು ಅಕ್ಷರ ತಪ್ಪಿದ್ರೂ ವಾಪಸ್ ಕಳಿಸಬಹುದಿತ್ತಲ್ಲ. ತಪ್ಪಿರಲಿಲ್ಲ. ಅತ್ತಿಗೆ ಕೆಲಸ ಅಂದ್ರೆ ಹಾಗೆ. ಕೊನೆಗೆ ‘ಸರಿ ಇದೆ’ ಅಂತ ಬರೆದು ಒತ್ತಿದ.

ಟಕ್ ಟಕ್ ಬರುತ್ತೇನೋ ಅಂತ ಇಬ್ಬರೂ ಕಿವಿಗೊಟ್ಟು ಕೂತ್ವಿ. ಬರಲಿಲ್ಲ. ಒಪ್ಪಿದೋನು ಅವನಲ್ವಾ, ಕುಟ್ಟಬೇಕಾದೋನೂ ಅವನೇ. ಅದು ಅವನಿಗೆ ಹೊಳೀತೋ ಏನೋ, ಅವಳ ಪೆನ್ನು ಹುಡುಕಿ ತಗೊಂಡು ಮೇಜಿನ ಅಂಚು ಎರಡು ಸಲ ಕುಟ್ಟಿದ. ಆಮೇಲೆ ಹಲ್ಲುಜ್ಜೋಕೆ ಹೋದ. ನಲ್ಲಿ ಬಹಳ ಹೊತ್ತು ಸುರೀತಾ ಇತ್ತು. ಹೊರಗೆ ಬಂದಾಗ ಕಣ್ಣು ಕೆಂಪಗಿತ್ತು, ಎಂಟು ತಿಂಗಳಲ್ಲಿ ಮೊದಲನೇ ಸಲ. “ಮೊನ್ನೆ ಸಾರಿಗೆ ಉಪ್ಪಿರಲಿಲ್ಲ” ಅಂದ.

ಆವತ್ತಿಂದಲೇ ಈ ಚೀಟಿ. ಯಾರಾದ್ರೂ ಗಾಜು ಎರಡು ಸಲ ತಟ್ಟಿದ್ರೆ ರೋಗಿನ ಬಿಟ್ಟು ಕಂಪ್ಯೂಟರ್ ಕಡೆ ತಿರುಗಿಬಿಡ್ತೀನಿ.

ಪಾಸ್‌ವರ್ಡ್ ಕಳ್ಳರೇ ಇರಬಹುದು ಅಂತೀಯ. ನಾನೂ ಅಂದುಕೊಂಡೆ. ಅದಕ್ಕೇ ಅವತ್ತೇ ಬೆಳಿಗ್ಗೆ ಲೈಬ್ರರಿಯವಳಿಗೆ ಅಣ್ಣನ ಕೈಯಲ್ಲಿ ಬರೆಸಿದೆ, ‘ಕೇಳದೆ ನಿಮ್ಮ ಹೆಸರು ಸೇರಿಸಿದೀವಿ, ಕ್ಷಮಿಸಿ’ ಅಂತ. ‘ಕೇಳದೆ ಅಂತ ಯಾಕಂತೀರಿ? ನಿನ್ನೆ ಸಂಜೆ ನಿಮ್ಮ ಮನೆಯವರೇ ಲೈಬ್ರರಿಗೆ ಫೋನ್ ಮಾಡಿದ್ರಲ್ಲ’ ಅಂತ ಉತ್ತರ ಬಂತು. ಅವರ ಲೈಬ್ರರಿಯಲ್ಲಿ ಬಂದ ಫೋನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡ್ತಾರಂತೆ. ಆ ಹಾಳೆಯ ಫೋಟೋನೂ ಕಳಿಸಿದ್ಲು. ನಾನು ಕಣ್ಣಾರೆ ನೋಡಿದೀನಿ ಕಣೇ, ಸುಳ್ಳು ಹೇಳಿ ನನಗೇನಾಗಬೇಕು. ನೀಲಿ ಶಾಯಿ. ಅತ್ತಿಗೆ ಹೆಸರು. ಸಂಜೆ ಆರು ನಲವತ್ತು, ನಾಲ್ಕು ನಿಮಿಷ. ವಿಷಯ ಅನ್ನೋ ಕಡೆ, ‘ಯಜಮಾನರು ಒಬ್ಬರೇ ಆಗಿದ್ದಾರೆ, ಅವರ ಕೆಲಸ ನೋಡಿಕೊಡಬೇಕಂತೆ. ಒಪ್ಪಿದೆ.’