ಬ್ರೌಸರ್ ನೀನೇ ಆರಿಸು, ಬನಶಂಕರಿ

ಅಯ್ಯೋ, ಆಗ್ಲೇ ಹಿಂದ್ಗಡೆ ಯಾಕೆ ಹೊರಟೆ? ಬಾ, ಬಾ... ಬ್ಯಾಗ್ ಅಲ್ಲಿಡು, ಕೂತ್ಕೋ. ಹೊಸಕೋಟೆಯಿಂದ ಬಸ್ಸಲ್ಲಿ ನಿಂತ್ಕೊಂಡೇ ಬಂದಿದೀಯಾ, ಮುಖ ನೋಡಿದ್ರೇ ಗೊತ್ತಾಗುತ್ತೆ. ಮಗ್ಗ ಮುಟ್ಟಿ ಕಣ್ಣಿಗೆ ಒತ್ಕೊಳ್ದೆ ನೀನು ನೀರೂ ಕುಡಿಯಲ್ಲ, ಗೊತ್ತು ಕಣೇ. ಮದ್ವೆ ಆದಾಗಿಂದ ನೋಡ್ತಿದೀನಿ. ಊರಿಂದ ಬಂದ್ರೆ ಮೊದ್ಲು ಮಗ್ಗ, ಆಮೇಲೆ ಗಂಡ! ಇವತ್ತೊಂದಿನ ಉಲ್ಟಾ ಮಾಡು. ಮೊದ್ಲು ಇದನ್ನ ನೋಡು.

ಏನು, ಗುರುತು ಸಿಗ್ಲಿಲ್ವಾ? ನಮ್ಮ ಭಾನು ಕಂಪ್ಯೂಟ್ರು ಕಣೇ! ಮಗಳು ಕಾಲೇಜಿಗೆ ಹೋಗೋವಾಗ ಕೊಡ್ಸಿದ್ದು. ಅಟ್ಟದ ಮೇಲೆ ಹಳೇ ಪಂಚೆ ಹೊದ್ಕೊಂಡು ಕೂತಿತ್ತು. ಇಳಿಸ್ದೆ, ಧೂಳು ಊದ್ದೆ, ಬಸ್ ಸ್ಟ್ಯಾಂಡ್ ಹತ್ರ ರಿಪೇರಿ ಅಂಗ್ಡಿ ಇಟ್ಟಿದಾನಲ್ಲ ಕೆಂಪರಾಜ್, ಅವನ ಹತ್ರ ಹೊತ್ಕೊಂಡು ಹೋದೆ. ನೋಡ್ತಿದ್ದಂಗೇ ನಕ್ಕುಬಿಟ್ಟ. ನೀನೂ ನಗ್ತಿದೀಯಲ್ಲಾ! ಯಾಕೆ ನಗ್ತೀಯಾ? ಕನ್ನಡಕಾನಾ? ಇದನ್ನ ಹಾಕ್ಕೊಂಡ್ರೇನೇ ಆ ಬಾಣದ ಗುರುತು ಕಾಣ್ಸೋದು. ನಗು, ನಗು... ನೀನು ನಗೋದು ನೋಡಿ ಎಷ್ಟು ದಿನ ಆಯ್ತು.

ವಿಷ್ಯ ಕೇಳು. ಇಂಟರ್‌ನೆಟ್‌ಗೆ ಹೋಗೋಕೆ ಇದ್ರಲ್ಲೊಂದು ಬ್ರೌಸರ್ ಬೇಕಂತೆ. ಬ್ರೌಸರ್ರು... ಅದೇ, ಬಾಗ್ಲು ಅಂತಿಟ್ಕೋ. ಏನೇ ನೋಡ್ಬೇಕಾದ್ರೂ ಅದ್ರಿಂದಾನೇ ಒಳಗೆ ಹೋಗೋದು. ಎಲ್ರೂ ಹಾಕ್ಕೊಳ್ಳೋದು ಈ ಬಣ್ಣದ ಉಂಡೇನ. ಅದನ್ನ ಒತ್ತಿದ್ರೆ ನಮ್ಮ ಮುದಿ ಯಂತ್ರ ಬುಸುಗುಟ್ಟೋಕೆ ಶುರು ಮಾಡುತ್ತೆ. ನಾನು ಕಾಫಿ ಕಾಯಿಸ್ಕೊಂಡು ಬಂದ್ರೂ ತೆಗ್ದಿರಲ್ಲ. "ಅಣ್ಣಾ, ಇದಕ್ಕಿರೋದೇ ಎರಡು ಜಿಬಿ ಮೆಮೊರಿ. ಈಗಿನದನ್ನ ಇದ್ರ ತಲೆ ಮೇಲೆ ಹೊರ್ಸ್ಬೇಡ" ಅಂದ ಕೆಂಪರಾಜ್. ಎರಡನೇದು ಈ ನರಿ ಬಾಲದ್ದು. ಪರ್ವಾಗಿಲ್ಲ, ಒಂದು ಪೇಜು ತೆಗೆದ್ರೆ ಸರಿ ಇರುತ್ತೆ. ಇನ್ನೊಂದು ತೆಗೆಯೋಕೆ ಹೋದ್ರೆ ಯಂತ್ರ ಮುನಿಸ್ಕೊಳ್ಳುತ್ತೆ. ಮೂರನೇದ್ರ ಹೆಸರು ನಂಗೆ ಬಾಯಿಗೇ ಬರಲ್ಲ. ತುಂಬಾ ಹಗುರ, ಟಪ್ ಅಂತ ತೆಗ್ಯುತ್ತೆ! ಆದ್ರೆ ಫೋಟೋ ಬರಲ್ಲ. ಫೋಟೋ ಬಿಟ್ರೇನೇ ಓಡೋದಂತೆ. ಸೀರೆ ಮಾರೋನು ಫೋಟೋ ಇಲ್ದೆ ಏನ್ ಮಾರ್ಲಿ, ನೀನೇ ಹೇಳು!

ಹೂಂ, ಸೀರೆ ಮಾರೋಕೇ. ಇನ್ಯಾತಕ್ಕೆ? ನೂಲು ಕೊಡೋದು ಸಾಹುಕಾರ್ರು, ನೇಯೋದು ನಾವು, ಅಂಗ್ಡಿಗೆ ಹಾಕೋದೂ ಅವರೇ. ಈ ಸಲ ನಾವೇ ಮಾರೋಣ ಅಂತ. ಭಾನು ತೋರ್ಸಿದ್ಳಲ್ಲ, ಮನೇಲಿ ಕೂತೇ ಮಾರ್ತಾರಂತೆ. ನಂದು ಗುಂಡಿ ಒತ್ತೋ ಫೋನು, ಅದ್ರಲ್ಲಿ ಆಗಲ್ಲ. ಪಕ್ಕದ್ಮನೆ ಆನಂದ ಅವರ ಮನೆ ವೈಫೈ ಕೊಟ್ಟಿದಾನೆ, ಸೀರೆ ಫೋಟೋನೂ ಅವನೇ ತೆಗೆದು ಹಾಕ್ಕೊಟ್ಟ, ಪುಣ್ಯಾತ್ಮ. ತಡಿ, ನರಿ ಬಾಲದ್ರಲ್ಲಿ ತೆಗೀತೀನಿ... ಬರುತ್ತೆ, ಬರುತ್ತೆ... ಅಗೋ! ಮೊದ್ಲು ಸೆರಗು, ಆಮೇಲೆ ಒಡ್ಲು. ಮಗ್ಗದ ಮೇಲೆ ಬಂದಂಗೇ ಇಂಚಿಂಚು ಬರುತ್ತೆ ಫೋಟೋ. ಯಾವ ಸೀರೆ ಹೇಳು? ಗಿಳಿ ಹಸ್ರು... ನೀನು ಹೋಗೋಕ್ ಮುಂಚೆ ಮಗ್ಗದಿಂದ ಇಳಿಸಿದ್ದು.

ಇಂಥಾವು ಎಷ್ಟಿದೆ ಅಂತೀಯಾ? ಇದೆ, ಒಂದಷ್ಟಿದೆ. ಅದು ಮುಗಿದ್ಮೇಲೆ? ಮುಗಿದ್ಮೇಲೆ... ನೇಯೋದು, ಇನ್ನೇನು! ನೀನು ಬ್ರೌಸರ್ ಯಾವ್ದು ಅಂತ ಹೇಳು ಮೊದ್ಲು. ಬಣ್ಣ ಯಾವಾಗ್ಲೂ ನೀನೇ ತಾನೆ ಆರಿಸ್ತಿದ್ದಿದ್ದು? ಇದನ್ನೂ ನೀನೇ ಆರಿಸು.

ಏಳ್ಬೇಡ್ವೇ. ಕೈಕಾಲು ತೊಳ್ಯೋಕಾ? ಮುಂದ್ಗಡೆ ನಲ್ಲೀಲಿ ತೊಳ್ಕೋ. ಹಿಂದ್ಗಡೆ ಕತ್ಲು, ಕರೆಂಟಿಲ್ಲ. ...ಇದು ಹೆಂಗೆ ಓಡ್ತಿದೆ ಅಂತಾ? ಇದು ಮನೆ ಲೈನು ಕಣೇ! ಮಗ್ಗದ್ದು ತ್ರೀ ಫೇಸು, ಮೀಟ್ರೇ ಬೇರೆ ಅಲ್ವಾ. ಅದು ಹೋಗಿದೆ. ಬೀದಿಗೆಲ್ಲಾ ಹೋಗಿದೆ, ಬೆಳಿಗ್ಗೆಯಿಂದ. ಅದಕ್ಕೇ ಸದ್ದಿಲ್ಲ. ನಿಂಗೆ ಮಗ್ಗದ ಸದ್ದಿಲ್ದೆ ಕಿವಿ ಗುಂಯ್ ಅನ್ನುತ್ತೆ, ನಂಗೂ ಅಷ್ಟೇ. ಅಲ್ಲಾ, ಈ ಸದ್ದಲ್ಲಿ ಕೂಸು ಮಲಗಲ್ಲ ಅಂತ ತಾನೇ ಭಾನು ಬಾಣಂತನಕ್ಕೆ ನೀನೇ ಹೊಸಕೋಟೆಗೆ ಅವಳ ಮನೆಗೆ ಹೋಗಿದ್ದು? ಇನ್ಮೇಲೆ ಇಲ್ಲಿಗೇ ಕರ್ಕೊಂಡು ಬಾ. ಎಷ್ಟು ಬೇಕಾದ್ರೂ ಮಲಗ್ಲಿ...

ಅಲ್ಲ... ಕರೆಂಟಿಲ್ದಾಗ ಅಂದೆ. ಕರೆಂಟು ಹೋದಾಗ.

ಕಾಫಿ ತರ್ಲಾ? ಹಾಲು ತಂದಿಟ್ಟಿದೀನಿ. ಈ ಉಂಡೇನ ತೆಗ್ದು ಹಾಕ್ಲಾ, ನರೀನ ಇಟ್ಕೊಳ್ಳೋಣ್ವಾ?... ಏನು? ಏನು ಕೇಳಿಸ್ಕೊಳ್ತಿದೀಯಾ? ಗೋಡೆ ಕಡೆ ಯಾಕೆ ಹಂಗೆ ನೋಡ್ತೀಯಾ?

ಅದು ಆನಂದಂದು. ಊಟಕ್ಕೆ ನಿಲ್ಸಿದ್ದ, ಈಗ ಶುರು ಮಾಡ್ದ.

...ಹೂಂ. ಮಗ್ಗಾನೇ.

ಹೂಂ ಕಣೇ, ಅವನಿಗೂ ನಮಗೂ ಒಂದೇ ಲೈನು.

ಹಂಗೆ ನೋಡ್ಬೇಡ, ನನ್ ಕೈಲಾಗಲ್ಲ. ಇಲ್ಲ ಬನಶಂಕರಿ. ಹಿಂದ್ಗಡೆ ಏನೂ ಇಲ್ಲ. ಒಂದು ಮಗ್ಗಾನೂ ಇಲ್ಲ. ಸಾಹುಕಾರ್ರು ನೂಲು ಕೊಡೋದು ನಿಲ್ಸಿಬಿಟ್ರು. ಹೊರಗಿಂದ ಇಷ್ಟು ಅಗ್ಗಕ್ಕೆ ಬರೋವಾಗ ನಿಮ್ಮ ಸೀರೆ ಯಾರಿಗೆ ಬೇಕು ಅಂದ್ರು. ಬೇರೆ ಸಾಹುಕಾರ್ರ ಬಾಗ್ಲಿಗೆಲ್ಲಾ ಹೋಗ್ಬಂದೆ. ಕೊನೇಗೆ ಗುಜರಿಯವ್ರು ಬಂದ್ರು. ಮಗ್ಗ ಅಂತ ತಗೊಳ್ಳಲಿಲ್ಲ ಕಣೇ, ಕಬ್ಬಿಣ ಅಂತ ತಗೊಂಡ್ರು. ನೀನು ನೇಯ್ತಿದ್ದ ಮಗ್ಗಕ್ಕೆ ಸುತ್ತಿಗೆ ಎತ್ತಿದ್ರು, ನಾನು ಅಡ್ಡ ನಿಂತೆ. ಸ್ಪ್ಯಾನರ್ ಹಿಡ್ಕೊಂಡು ಒಂದೊಂದು ಬೋಲ್ಟೂ ನಾನೇ ಬಿಚ್ದೆ. ಒಡೆಯೋ ಮಾಲಿಗೆ ಇದೇನು ಉಪಚಾರ ಅಂತ ನಕ್ರು. ನಗ್ಲಿ. ನಂಗೆ ಎದೇನೇ ಬಿಚ್ಚಿದಂಗೆ ಆಯ್ತು.

ಹೇಳೋಣ ಅಂತಾನೇ ಇದ್ದೆ. ಬಾಣಂತಿ ಇರೋ ಮನೇಲಿ ನೀನು ಕೂತು ಅಳ್ತೀಯಲ್ಲಾ, ಹೆಂಗೆ ಹೇಳ್ಲಿ? ದಿನಾ ಫೋನ್ ಮಾಡಿ ಮೊದ್ಲು ಕೇಳ್ತಿದ್ದಿದ್ದೇ ಮಗ್ಗ ಓಡ್ತಿದ್ಯಾ ಅಂತ. ನಿನ್ನ ಫೋನು ಬಂದ್ರೆ ಸಾಕು, ಆನಂದನ ಮನೆಗೆ ಓಡ್ತಿದ್ದೆ. ಅವನ ಮಗ್ಗದ ಪಕ್ಕ ನಿಂತ್ಕೊಂಡು, ಸದ್ದು ಕಣೇ, ಜೋರಾಗಿ ಹೇಳು, ಜೋರಾಗಿ ಹೇಳು, ಅಂತ ಕೂಗ್ತಿದ್ದೆ. ನೀನೂ ಪಾಪ ಅಲ್ಲಿಂದ ಕೂಗಿ ಕೂಗಿ ಹೇಳ್ತಿದ್ದೆ, ಊಟ ಮಾಡು, ಮಾತ್ರೆ ತಗೋ ಅಂತ...

ಬೈಯೇ ಬನಶಂಕರಿ. ಈಗ ಕೂಗೋದೇನೂ ಬೇಡ. ಎಷ್ಟು ಮೆಲ್ಲಗೆ ಬೈದ್ರೂ ಕೇಳ್ಸುತ್ತೆ.